ಇನ್ನೊಂದು ಚೀಲ ಯೂರಿಯಾ ಬೇಡ

ದೇವನಹಳ್ಳಿ ಬಳಿಯ ನಿಮ್ಮ ರಾಗಿ ಹೊಲಕ್ಕೆ ಯೂರಿಯಾ ಎರಚಿದರೂ ಪೈರು ಹಸಿರೇರದೆ ಹಳದಿಯಾಗಿಯೇ ಇದೆ, ಇನ್ನೊಂದು ಚೀಲ ಹಾಕಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಯೂರಿಯಾದಲ್ಲಿ ಶೇ. 46ರಷ್ಟು ಸಾರಜನಕವಿದೆ, ನಿಜ. ಆದರೆ ಹಸಿ ಮಣ್ಣಿನ ಮೇಲೆಯೇ ಯೂರಿಯಾ ಕಾಳು ಕರಗಿದರೆ ಮಣ್ಣಿನಲ್ಲಿರುವ ಯೂರಿಯೇಸ್ ಕಿಣ್ವದಿಂದ ಅದು ಅಮೋನಿಯಾ ಆಗಿ ಗಾಳಿಗೆ ಹಾರಿಹೋಗುತ್ತದೆ. ಬಿಸಿಲು, ಗಾಳಿ ಜೋರಿದ್ದರೆ ನಷ್ಟ ಇನ್ನೂ ಹೆಚ್ಚು. ಬೇವು ಲೇಪಿತವೆಂದು ನೆಮ್ಮದಿಯಿಂದ ಇರಬೇಡಿ. ಬೇವು ನಿಧಾನಗೊಳಿಸುವುದು ಮುಖ್ಯವಾಗಿ ಮಣ್ಣಿನಲ್ಲಿ ಸಾರಜನಕ ನೈಟ್ರೇಟ್ ಆಗುವುದನ್ನು, ಈ ಹಾರಿಹೋಗುವಿಕೆಯನ್ನಲ್ಲ. ಮುಂದಿನ ಕಂತನ್ನು ಕಳೆ ತೆಗೆದ ಮೇಲೆ ಸಾಲಿನ ಪಕ್ಕದಲ್ಲಿ ಹಾಕಿ, ಕೂಡಲೇ ಎಡೆಕುಂಟೆ ಹೊಡೆದು ಮಣ್ಣಿನಲ್ಲಿ ಮುಚ್ಚಿ. ಹದವಾದ ಮಳೆ ಬರುವಂತಿದ್ದರೆ ಅದರ ಮುಂಚೆ ಹಾಕಿದರೂ ಸರಿ. ಕೊಚ್ಚಿಹೋಗುವ ಮಳೆಯಲ್ಲಿ ಮಾತ್ರ ಬೇಡ.

ಅಂದಹಾಗೆ, ಹಳದಿ ಯಾವ ಎಲೆಯಲ್ಲಿದೆ? ಕೆಳಗಿನ ಹಳೆಯ ಎಲೆಯ ತುದಿಯಿಂದ ಶುರುವಾಗಿದ್ದರೆ ಸಾರಜನಕದ ಕೊರತೆ. ಎಳೆಯ ಎಲೆಯಲ್ಲಿದ್ದರೆ ಗಂಧಕವೋ ಕಬ್ಬಿಣವೋ ಕಡಿಮೆಯಿರಬಹುದು. ಆಗ ಮಣ್ಣು ಪರೀಕ್ಷೆ ಮಾಡಿಸಿಯೇ ಮುಂದುವರಿಯಿರಿ.