ಹೊಲಕ್ಕೆ ಬರುವ ಕರಡಿಯನ್ನು ಅಮೆರಿಕದವರ ಹಾಗೆ ಪಾತ್ರೆ ಬಡಿದು ಓಡಿಸಬಹುದಾ? ಇಲ್ಲಾ ಹಿಡಿಸಿ ಬೇರೆ ಕಾಡಿಗೆ ಬಿಡಿಸುವುದೇ ಒಳ್ಳೆಯದಾ?

ಗುಡ್ಡದ ಪಕ್ಕ ಹೊಲ, ರಾತ್ರಿ ಕರೆಂಟು, ಕರಡಿ. ನೀವು ಬರೆದಿರುವುದು ನನ್ನ ಪಾಡೇ. ನಮ್ಮೂರು ಕೂಡ್ಲಿಗಿ ಕಡೆ, ಗುಡೇಕೋಟೆ ಕರಡಿಧಾಮಕ್ಕೆ ತೀರಾ ದೂರವಿಲ್ಲ. ಕರಡಿ ಹಗಲೆಲ್ಲ ಬಂಡೆ ಸಂದಿಯಲ್ಲಿ ಮಲಗಿದ್ದು, ಹೊತ್ತು ಮುಳುಗಿದ ಮೇಲೆ ಕೆಳಗಿಳಿಯುತ್ತದೆ. ನಮಗೆ ಪಂಪ್ ಓಡಿಸುವ ತ್ರೀ ಫೇಸ್ ಕರೆಂಟು ಕೊಡುವುದೂ ಆಗಲೇ.

ನಮ್ಮಪ್ಪ ರಾತ್ರಿ ನೀರು ಕಟ್ಟಲು ಹೋಗುವಾಗ ಸುಮ್ನೆ ಹೋದವರೇ ಅಲ್ಲ. ಕೆಮ್ಮುತ್ತಾ, ಕೋಲು ಕುಟ್ಟುತ್ತಾ, ಯಾರೂ ಸಿಗದಿದ್ದರೆ ಕರೆಂಟಿನವರನ್ನೇ ಬೈಯುತ್ತಾ ಹೋಗುತ್ತಿದ್ದರು. ನನಗೆ ಅದು ಹುಚ್ಚಾಟ ಅನಿಸುತ್ತಿತ್ತು. ಸದ್ದು ಮಾಡಿದರೆ ನಾವಿರುವ ಜಾಗ ಕರಡಿಗೆ ಗೊತ್ತಾಗುತ್ತದೆ, ಅದು ಹುಡುಕಿಕೊಂಡು ಬರುತ್ತದೆ ಅಂತ ನನ್ನ ಲೆಕ್ಕ. ಹಾಗಾಗಿ ಟಾರ್ಚ್ ಆರಿಸಿ, ಚಪ್ಪಲಿ ಕೈಯಲ್ಲಿ ಹಿಡಿದು, ಬದುವಿನ ಮೇಲೆ ಕಳ್ಳನ ಹಾಗೆ ನಡೆಯುತ್ತಿದ್ದೆ. ಎಷ್ಟೋ ರಾತ್ರಿ ಏನೂ ಆಗಲಿಲ್ಲ. ಅದಕ್ಕೇ ನನ್ನ ಲೆಕ್ಕ ಸರಿ ಅಂತ ಧೈರ್ಯ ಬಂದುಬಿಟ್ಟಿತ್ತು.

ಆವತ್ತು ಮೋಟರ್ ಹಾಕಿ ದಾಳಿಂಬೆ ಸಾಲಿನ ಕೊನೆಗೆ ಬಂದಾಗ ಉಸ್ಸ್, ಬುಸ್ಸ್ ಅಂತ ಜೋರಾಗಿ ಕೇಳಿಸಿತು. ಪೈಪ್ ಗಾಳಿ ಎಳೆಯುತ್ತಿದೆ ಅಂದುಕೊಂಡೆ. ವಾಲ್ವ್ ಸರಿಮಾಡೋಣ ಅಂತ ಸದ್ದು ಬಂದ ಕಡೆಗೇ ಹೋದೆ, ಅದೂ ಮೆಲ್ಲಗೆ. ಕರಡಿ ಗೆದ್ದಲು ತಿನ್ನುವಾಗ ಹಾಗೇ ಸದ್ದು ಬರುತ್ತದೆ. ಅದಕ್ಕೆ ಮೇಲಿನ ಎರಡು ಮುಂದಿನ ಹಲ್ಲು ಇರುವುದಿಲ್ಲ. ಹುತ್ತವನ್ನು ಉಗುರಿನಿಂದ ಬಗೆದು, ಮೂತಿ ತೂರಿಸಿ, ಮೂಗಿನ ಹೊಳ್ಳೆ ಮುಚ್ಚಿಕೊಂಡು ಆ ಹಲ್ಲಿನ ಸಂದಿಯಿಂದ ಗೆದ್ದಲು ಹೀರುತ್ತದೆ. ಆ ಸದ್ದು ನೂರು ಮೀಟರ್ ದೂರಕ್ಕೂ ಕೇಳುತ್ತದೆ. ತಲೆ ಹುತ್ತದೊಳಗೆ, ಕಿವಿ ತುಂಬಾ ಅದರದ್ದೇ ಸದ್ದು, ಗಾಳಿ ಅದರ ಕಡೆಯಿಂದ ನನ್ನ ಕಡೆಗೆ. ಅದಕ್ಕೆ ನಾನು ಬಂದದ್ದು ಗೊತ್ತಾಗುವುದಾದರೂ ಹೇಗೆ? ತಲೆ ಎತ್ತಿದಾಗ ನಾನು ಎರಡು ಮಾರು ದೂರದಲ್ಲಿದ್ದೆ.

ಆಮೇಲಿನದ್ದು ಕ್ಷಣದಲ್ಲಿ ಮುಗಿಯಿತು. ನೆತ್ತಿಗೆ ಉಗುರು ಬಿತ್ತು, ಮುಖಕ್ಕೆ ಅಡ್ಡ ಇಟ್ಟ ಎಡಗೈಯನ್ನು ಅಗಿಯಿತು. ಪಕ್ಕದ ಹೊಲದವರು ಕೂಗಿಕೊಂಡು ಬಂದದ್ದಕ್ಕೆ ಬಿಟ್ಟು ಹೋಯಿತು. ಆ ಕೈಯ ಎರಡು ಬೆರಳು ಈಗಲೂ ಮಡಚುವುದಿಲ್ಲ. ಹಾಲು ಕರೆಯಲು ಬರುವುದಿಲ್ಲ.

ಅಪ್ಪನ ಹಾಗೆ ಕೆಮ್ಮಿದ್ದರೆ ಸಾಕಿತ್ತು. ದೂರದಲ್ಲೇ ಮನುಷ್ಯರ ಸದ್ದು ಕೇಳಿದರೆ ಕರಡಿ ಸಾಮಾನ್ಯವಾಗಿ ತಾನೇ ಪಕ್ಕಕ್ಕೆ ಸರಿಯುತ್ತದೆ. ಹೆಚ್ಚಾಗಿ ಹತ್ತಿರದಲ್ಲಿ ಬೆಚ್ಚಿಬಿದ್ದರೇ ಮೈಮೇಲೆ ಬರುವುದು, ಅದೂ ತಿನ್ನಲು ಅಲ್ಲ.

ಈಗ ನೀವು ಹೇಳಿದ, ಅಮೆರಿಕದವರು ಪಾತ್ರೆ ಬಡಿದು ಕರಡಿ ಓಡಿಸುವ ವಿಡಿಯೋ ವಿಷಯ. ಅಲ್ಲಿನ ಕಪ್ಪು ಕರಡಿ ಬೇರೆ ಪ್ರಾಣಿ. ಅದು ಕಾಡಿನದ್ದು, ಹೆದರಿದರೆ ಮರ ಹತ್ತುತ್ತದೆ. ಮನೆ ಹತ್ತಿರ ಬರುವುದು ಕಸದ ಡಬ್ಬಿಗೆ, ಹಕ್ಕಿಗೆ ಇಟ್ಟ ಕಾಳಿಗೆ. ಅದರ ಎದುರು ನಿಂತು ಪಾತ್ರೆ ಬಡಿದರೆ ಸಾಮಾನ್ಯವಾಗಿ ಓಡುತ್ತದೆ. ನಮ್ಮದು ಹುಲಿ, ಚಿರತೆಗಳ ಜೊತೆ ಬಾಳಿ ಬಂದದ್ದು. ಮರ ಹತ್ತಲು ಅದಕ್ಕೂ ಬರುತ್ತದೆ, ಆದರೆ ಚಿರತೆಯೂ ಹತ್ತುತ್ತದಲ್ವಾ? ಬೆನ್ನ ಮೇಲೆ ಮರಿ ಹೊತ್ತುಕೊಂಡು ಎಲ್ಲಿಗೆ ಓಡುವುದು? ಎದುರು ಬೀಳುವುದೇ ಅದಕ್ಕೆ ಗೊತ್ತಿರುವ ದಾರಿ. ಹಾಗಾಗಿ ಸದ್ದು ಮನೆಯಿಂದ ಹೊರಡುವಾಗಲೇ ಶುರುವಾಗಬೇಕು. ಕಣ್ಣೆದುರು ಕಂಡ ಮೇಲೆ ಪಾತ್ರೆ ಬಡಿಯಬೇಡಿ, ಮೆಲ್ಲಗೆ ಹಿಂದಕ್ಕೆ ಸರಿಯಿರಿ. ಮೈಮೇಲೆ ಬಂದೇ ಬಿಟ್ಟರೆ ಬೋರಲು ಬಿದ್ದು, ಬೆರಳು ಹೆಣೆದು ಕತ್ತಿನ ಹಿಂಭಾಗ ಮುಚ್ಚಿಕೊಳ್ಳಿ. ಅದು ಹೋಗುವುದು ಮುಖಕ್ಕೆ. ನಾಯಿಯನ್ನಂತೂ ಬಿಟ್ಟುಕೊಂಡು ಹೋಗಬೇಡಿ. ಕೆಣಕಿ, ಹೆದರಿ, ಕರಡಿಯನ್ನು ನಿಮ್ಮ ಕಾಲಬುಡಕ್ಕೇ ಕರೆತರುತ್ತದೆ.

ಹಂಪಿ ಹತ್ತಿರದ ದರೋಜಿಯಲ್ಲಿ 1994ರಿಂದ ಕರಡಿಧಾಮ ಇದೆ. ಬಂಡೆಗೆ ಬೆಲ್ಲದ ಪಾಕ ಸವರುತ್ತಾರೆ, ಕರಡಿ ಬಂದು ನೆಕ್ಕುತ್ತದೆ. ಗೋಪುರದ ಮೇಲೆ ಕೂತು ನೋಡಿದವರು ಎಷ್ಟು ಸಾಧು ಪ್ರಾಣಿ ಅನ್ನುತ್ತಾರೆ. ಗೋಪುರದ ಮೇಲಿಂದ ಯಾವುದು ಸಾಧು ಅಲ್ಲ ಹೇಳಿ!

ಹಿಡಿಸುವ ಮಾತು ಬಿಟ್ಟುಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ ಅದು, ನಿಮಗೆ ನನಗೆ ಬೇಕೆಂದಾಗ ಹಿಡಿಯುವಂತಿಲ್ಲ. ಹಿಡಿದರೂ ಏನು? ಗುಡ್ಡದಲ್ಲಿ ಗವಿ ಇದೆ, ಕಾರೆ, ಕವಳೆ, ಸೀತಾಫಲ ಇದೆ, ಹುತ್ತ ಇದೆ. ಇನ್ನೊಂದು ಬಂದು ಸೇರುತ್ತದೆ. ಹಂದಿಗೆಂದು ಉರುಳು, ಸಿಡಿಮದ್ದು ಇಡುವವರ ಜೊತೆಯೂ ಸೇರಬೇಡಿ. ಉರುಳಿಗೆ ಕಾಲು ಸಿಕ್ಕ ಕರಡಿ ಬೆಳಗ್ಗೆ ಮೊದಲು ಬಂದವರ ಮೇಲೆ ಬೀಳುತ್ತದೆ.

ನನ್ನನ್ನು ಕೇಳಿದರೆ, ಕರಡಿ ಹಿಡಿಸಲು ಅರ್ಜಿ ಬರೆಯುವ ಕೈಯಲ್ಲಿ ಹಗಲು ತ್ರೀ ಫೇಸ್ ಕೊಡಿ ಅಂತ ಬರೆಯಿರಿ. ಊರವರೆಲ್ಲ ಸೇರಿ ಸಹಿ ಹಾಕಿ. ಅದು ರಾತ್ರಿ ತಿರುಗುವ ಪ್ರಾಣಿ, ನಾವಲ್ಲ. ಇದನ್ನು ಹೇಳಿದರೆ ನಮ್ಮೂರಲ್ಲೂ ನಗುತ್ತಾರೆ. ಗುಡ್ಡ ಖಾಲಿ ಮಾಡಿಸುವುದಕ್ಕಿಂತ ಇದು ಸುಲಭ ತಾನೇ?

ಇನ್ನೊಂದು. ಗಾಯವಾದರೆ ಹೊಲಿಗೆ ಒಂದೇ ಸಾಲದು. ಮೊದಲು ಸೋಪು ನೀರಲ್ಲಿ ಚೆನ್ನಾಗಿ ತೊಳೆಸಿ, ಹುಚ್ಚುನಾಯಿ ಕಚ್ಚಿದಾಗ ಕೊಡುವ ರೇಬಿಸ್ ಇಂಜೆಕ್ಷನ್ ಕೇಳಿ ಹಾಕಿಸಿಕೊಳ್ಳಿ. ಕರಡಿ ಕಚ್ಚಿದರೂ ಅದು ಬೇಕು. ಆಸ್ಪತ್ರೆಯ ಒಂದು ಚೀಟಿಯನ್ನೂ ಬಿಸಾಡಬೇಡಿ, ಅರಣ್ಯ ಇಲಾಖೆಯ ಪರಿಹಾರಕ್ಕೆ ಅವೆಲ್ಲ ಬೇಕಾಗುತ್ತವೆ.