ಒಂತಾ ತಟ್ಟೆಯ ಮೇಲಿನ ಗೀರುಗಳು

ಪ್ರಶ್ನೆ: ಜಪಾನಿನ ಒಂತಾ ಎಂಬ ಊರಿನ ಮಣ್ಣಿನ ತಟ್ಟೆಯೊಂದು ನನಗೆ ಉಡುಗೊರೆಯಾಗಿ ಬಂದಿದೆ. ಅದರ ಬಿಳಿಯ ಮೈಮೇಲೆ ನೂರಾರು ಸಣ್ಣ ಗೀರುಗಳು ಸುತ್ತುಸುತ್ತಾಗಿ ಅಂಚಿನವರೆಗೆ ಹಬ್ಬಿವೆ. ಇವನ್ನು ಅಚ್ಚಿನಿಂದ ಒತ್ತುತ್ತಾರೆಯೆ ಅಥವಾ ಒಂದೊಂದಾಗಿ ಕೊರೆಯುತ್ತಾರೆಯೆ? ತಟ್ಟೆಯ ಅಡಿಯಲ್ಲಿ ಮಾಡಿದವರ ಹೆಸರೇಕೆ ಇಲ್ಲ?

ಉತ್ತರ: ಎರಡೂ ಅಲ್ಲ. ಈ ಗೀರುಗಳು ತಿಗರಿಯ ಮೇಲೆ, ಕೆಲವೇ ಗಳಿಗೆಯಲ್ಲಿ ಮೂಡುತ್ತವೆ. ಜಪಾನೀಯರು ಇದನ್ನು ತೊಬಿಕನ್ನ ಎನ್ನುತ್ತಾರೆ. ‘ಹಾರುವ ಕೀಸುಳಿ’ ಎಂಬುದು ಆ ಮಾತಿನ ಅರ್ಥ.

ಒಂತಾದ ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚಾದ್ದರಿಂದ ಪಾತ್ರೆಯ ಮೈ ಕಪ್ಪಗಿರುತ್ತದೆ. ಅದರ ಮೇಲೆ ಬಿಳಿಮಣ್ಣಿನ ತಿಳಿಯನ್ನು ಬಳಿದು, ಪಾತ್ರೆಯು ಪೂರ್ತಿ ಒಣಗದೆ, ಹಸಿಯಾಗಿಯೂ ಉಳಿಯದೆ, ತೊಗಲಿನ ಗಟ್ಟಿತನಕ್ಕೆ ಬರುವವರೆಗೆ ಕಾಯುತ್ತಾರೆ. ಅನಂತರ ತಿರುಗುತ್ತಿರುವ ಪಾತ್ರೆಗೆ ತುದಿ ಬಾಗಿಸಿದ ತೆಳು ಉಕ್ಕಿನ ಪಟ್ಟಿಯೊಂದನ್ನು ತಾಗಿಸುತ್ತಾರೆ. ಹಳೆಯ ಗಡಿಯಾರದ ಸ್ಪ್ರಿಂಗ್ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ. ಪಟ್ಟಿಯು ಮಣ್ಣಿಗೆ ಕಚ್ಚಿ, ಬಾಗಿ, ಚಿಮ್ಮಿ, ಮತ್ತೆ ಕಚ್ಚುತ್ತದೆ, ಮತ್ತು ಪ್ರತಿ ಕಚ್ಚಿಗೂ ಬಿಳಿಯ ಪದರ ಹಾರಿ ಒಳಗಿನ ಕಪ್ಪು ಕಾಣುತ್ತದೆ. ಕುಂಬಾರನ ಕೈ ಮಾಡುವುದು ಪಟ್ಟಿಯನ್ನು ಸರಿಯಾದ ಓರೆಯಲ್ಲಿ ಹಿಡಿದು ಮೆಲ್ಲಗೆ ಸರಿಸುವುದನ್ನಷ್ಟೆ. ಗೀರನ್ನು ಎಳೆಯುವುದು ಉಕ್ಕಿನ ಪುಟಿತ. ಮಣ್ಣು ಹಸಿಯಿದ್ದರೆ ಪಟ್ಟಿ ಪುಟಿಯದೆ ಹೂತುಹೋಗುತ್ತದೆ, ಒಣಗಿದ್ದರೆ ಬಿಳಿ ಪದರ ಚಕ್ಕೆಯಾಗಿ ಏಳುತ್ತದೆ. ತಪ್ಪಿದ್ದನ್ನು ತಿದ್ದಲು ಬರುವುದಿಲ್ಲ. ನಿಮ್ಮ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ: ನಡುವೆ ಒತ್ತೊತ್ತಾಗಿರುವ ಗೀರುಗಳು ಅಂಚಿನತ್ತ ಸಾಮಾನ್ಯವಾಗಿ ವಿರಳವಾಗುತ್ತವೆ, ಏಕೆಂದರೆ ತಿಗರಿಯ ಒಂದು ಸುತ್ತಿನಲ್ಲಿ ಅಂಚು ನಡುಭಾಗಕ್ಕಿಂತ ಬಹಳ ಹೆಚ್ಚು ದೂರ ಓಡುತ್ತದೆ.

ಇದೇ ಊರಿನಲ್ಲಿ ಬಿಳಿಮಣ್ಣು ಬಳಿದ ಕೂಡಲೇ ಕುಂಚವನ್ನು ತಾಳಕ್ಕೆ ತಟ್ಟುತ್ತ ಬೀಸಣಿಗೆಯಂತಹ ಗುರುತು ಬಿಡಿಸುವ ಹಕೆಮೆಯೂ ಇದೆ. ಹಸಿ ಬಿಳುಪಿನ ಮೇಲೆ ಬೆರಳಾಡಿಸಿ ಅಲೆ ಮೂಡಿಸುವುದೂ, ಮೆರುಗಿನ ದ್ರವವನ್ನು ಅಂಚಿನಿಂದ ಸುರಿದು ಹರಿಯಬಿಡುವುದೂ ಉಂಟು.

ಹೆಸರಿನ ವಿಷಯಕ್ಕೆ ಬಂದರೆ, ಒಂತಾ ಕ್ಯೂಶು ದ್ವೀಪದ ಒಯಿತಾ ಪ್ರಾಂತದ ಹಿತಾ ನಗರಕ್ಕೆ ಸೇರಿದ ಪುಟ್ಟ ಬೆಟ್ಟದೂರು. 1705ರಲ್ಲಿ ಕೊಯಿಶಿವಾರಾ ಎಂಬ ಇನ್ನೊಂದು ಕುಂಬಾರರ ಊರಿನಿಂದ ಬಂದ ಕುಂಬಾರನಿಂದ ಇಲ್ಲಿ ಕಸುಬು ಮೊದಲಾಯಿತು. ಸುತ್ತಲ ಬೆಟ್ಟದ ಮಣ್ಣನ್ನು ಕುಟುಂಬಗಳು ಹಂಚಿಕೊಳ್ಳುತ್ತವೆ. ಹೊಳೆಯ ನೀರು ತುಂಬಿದಾಗ ಏಳುವ, ಚೆಲ್ಲಿದಾಗ ಬೀಳುವ ಭಾರೀ ಮರದ ಒನಕೆಗಳು ಆ ಮಣ್ಣನ್ನು ವಾರಗಟ್ಟಲೆ ಕುಟ್ಟಿ ಪುಡಿಮಾಡುತ್ತವೆ. ಹಲವು ಮನೆಗಳವರು ಇಳಿಜಾರಿನ ಒಂದೇ ಆವಿಗೆಯಲ್ಲಿ ಸುಡುತ್ತಾರೆ. ಹೀಗೆ ಮಣ್ಣು, ನೀರು, ಬೆಂಕಿಯೆಲ್ಲ ಊರಿನದಾಗಿರುವಾಗ ಪಾತ್ರೆಗೆ ಊರಿನ ಹೆಸರೇ ಸಾಕೆಂದು ಅವರು ತಮ್ಮ ಹೆಸರನ್ನು ಒತ್ತುವುದಿಲ್ಲ. ಜನಸಾಮಾನ್ಯರ ಬಳಕೆಯ ವಸ್ತುಗಳಲ್ಲಿ ಚೆಲುವನ್ನು ಕಂಡು, ಅವಕ್ಕೆ 1925ರಲ್ಲಿ ಗೆಳೆಯರೊಡನೆ ‘ಮಿಂಗೇ’ ಎಂಬ ಪದವನ್ನು ರೂಪಿಸಿದ ಯಾನಗಿ ಸೊಯೆತ್ಸು 1931ರಲ್ಲಿ ಇಲ್ಲಿಗೆ ಬಂದರು. ಇಂಗ್ಲಿಷ್ ಕುಂಬಾರ ಬರ್ನಾರ್ಡ್ ಲೀಚ್ 1954ರಲ್ಲಿ ಇಲ್ಲಿ ಉಳಿದು ಕೆಲಸ ಮಾಡಿದರು. 1995ರಲ್ಲಿ ಜಪಾನ್ ಸರ್ಕಾರ ಈ ಕಸುಬನ್ನು ಮಹತ್ವದ ಅಮೂರ್ತ ಸಾಂಸ್ಕೃತಿಕ ಸಂಪತ್ತೆಂದು ಘೋಷಿಸಿದಾಗ ಆ ಗೌರವವೂ ಒಬ್ಬ ಕಲಾವಿದನಿಗಲ್ಲ, ಊರಿನ ಕುಂಬಾರರೆಲ್ಲರಿಗೂ ಸಂದಿತು.

ತಟ್ಟೆಯನ್ನು ಕಪಾಟಿನಲ್ಲಿ ಮುಚ್ಚಿಡಬೇಡಿ. ಅದನ್ನು ಮಾಡಿದ್ದು ಊಟಕ್ಕೆ.