ಸಿಂಹಗಡದ ಗುಂಡುಕಲ್ಲು ಡೈನೋಸಾರ್ ಮೊಟ್ಟೆಯಾ?

ಸಿಂಹಗಡ ಹತ್ತುವಾಗ ಸಿಕ್ಕ ಗುಂಡುಕಲ್ಲು ಈರುಳ್ಳಿ ಥರ ಸಿಪ್ಪೆ ಬಿಡುತ್ತಿದೆ, ಡೈನೋಸಾರ್ ಮೊಟ್ಟೆ ಇರಬಹುದಾ ಅಂತ ಕೇಳಿದ್ದೀರಿ. ಬೇಜಾರು ಮಾಡ್ಕೋಬೇಡಿ, ಅಲ್ಲ. ಪುಣೆ ಸುತ್ತಲಿನ ಗುಡ್ಡಗಳೆಲ್ಲ ಬಸಾಲ್ಟ್, ಲಾವಾ ತಣಿದು ಆದ ಕಲ್ಲು. ಬಿರುಕಿನೊಳಗೆ ಮಳೆನೀರು ಇಳಿದು, ಮೂಲೆಗಳು ಮೊದಲು ಸವೆದು, ಹೀಗೆ ಉಂಡೆಯಾಗುತ್ತದೆ. ಪುಣೆಯ ಕೋಥ್ರೂಡ್ ಬಡಾವಣೆಗೆ ಬಂದ ಹೊಸದರಲ್ಲಿ ನಾನೂ ಇಂಥದ್ದೊಂದನ್ನು ಹೊತ್ತು ತಂದಿದ್ದೆ. ಈಗ ಅದು ಬಾಗಿಲು ಬಡಿಯದಂತೆ ಅಡ್ಡ ಕೂತಿದೆ!

ನಿಜವಾದ ಮೊಟ್ಟೆಗೆ ಹೀಗೆ ಪದರದ ಮೇಲೆ ಪದರ ಇರಲ್ಲ. ತೆಳ್ಳಗಿನ ಒಂದು ಚಿಪ್ಪು, ಹೆಚ್ಚಾಗಿ ಒಂದೆರಡು ಮಿಲಿಮೀಟರ್ ದಪ್ಪ. ಲೆನ್ಸ್ ಹಿಡಿದರೆ ಮೇಲೆಲ್ಲ ರಾಗಿಕಾಳು ಅಂಟಿಸಿದ ಹಾಗೆ ಸಣ್ಣ ಉಬ್ಬುಗಳು, ನಡುವೆ ಗಾಳಿಯಾಡುವ ತೂತುಗಳು.

ಅಂಥವು ಸಿಗುವುದು ಲಮೇಟಾ ಎಂಬ ಪದರದಲ್ಲಿ. ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಹರಿದು ಮುಚ್ಚುವ ಮುಂಚೆ ಕೂತ ಮರಳು, ಮಣ್ಣು, ಸುಣ್ಣ ಅದು. ಜಬಲ್ಪುರ, ಗುಜರಾತಿನ ಬಾಲಾಸಿನೋರ್ ಹತ್ತಿರದ ರೈಯೋಲಿ ಇದಕ್ಕೆ ಹೆಸರುವಾಸಿ. ರಾಜಾಸಾರಸ್ ಎಂಬ ಮಾಂಸಾಹಾರಿಯ ಎಲುಬು ರೈಯೋಲಿಯಲ್ಲೇ ಸಿಕ್ಕಿದ್ದು.

ನಮ್ಮ ಮಹಾರಾಷ್ಟ್ರದಲ್ಲೇ ನೋಡಬೇಕೆಂದರೆ ಚಂದ್ರಪುರ ಜಿಲ್ಲೆಯ ಪಿಸ್ದುರಾ. ಅಲ್ಲಿ ಡೈನೋಸಾರ್ ಸಗಣಿಯೇ ಕಲ್ಲಾಗಿದೆ! ಅದರೊಳಗೆ ಹುಲ್ಲಿನ ಸೂಕ್ಷ್ಮ ಕಣಗಳು ಸಿಕ್ಕಿವೆ ಅಂತ 2005ರಲ್ಲಿ ವರದಿಯಾಯಿತು. ಡೈನೋಸಾರ್ ಕಾಲದಲ್ಲಿ ಹುಲ್ಲೇ ಇರಲಿಲ್ಲ ಅಂತ ಅಲ್ಲಿವರೆಗೆ ಬಹಳ ಜನ ನಂಬಿದ್ದರು. ನನಗಂತೂ ಮೊಟ್ಟೆಗಿಂತ ಇದೇ ಜಾಸ್ತಿ ಇಷ್ಟ. ಹೋದರೆ ನೋಡಿ, ಫೋಟೋ ತೆಗೆಯಿರಿ, ಕಲ್ಲು ಮಾತ್ರ ಅಲ್ಲೇ ಬಿಟ್ಟು ಬನ್ನಿ.